ಯಾವ ತಂಡದ ಎರಡನೆಯ ಆಲ್ಬಮ್? ಕಾಸರಗೋಡಿನ ಕಿವಿಗೆ ಆರು ಆಯ್ಕೆಗಳು

ಅಕ್ಕನ ಮಗಳು ಓದಲು ಬೆಂಗಳೂರಿಗೆ ಹೊರಡುವ ಹದಿನೈದು ದಿನ ಮೊದಲು ಕೇಳಿದಳು: "ಮಾವ, ರಾಕ್ ಸಂಗೀತದಲ್ಲಿ ನಾನು ಒಂದೇ ಒಂದು ಆಲ್ಬಮ್ ಕೇಳುವುದಾದರೆ ಯಾವುದು?" ಹತ್ತು ವರ್ಷ ಮೃದಂಗ ಕಲಿತ ಹುಡುಗಿ. ಎಡನೀರಿನಲ್ಲಿ ಯಕ್ಷಗಾನದ ಆಟ ಇದೆ ಎಂದರೆ ಚೆಂಡೆಯ ಪಕ್ಕದಲ್ಲೇ ಜಾಗ ಹಿಡಿಯುವವಳು. ರಾಕ್ ಎಂದರೆ ಬೊಬ್ಬೆ ಎಂದು ನಂಬಿದ ಮನೆಯಲ್ಲಿ ಬೆಳೆದವಳು. ಆ ನಂಬಿಕೆಗೆ ಕಾರಣ ನನ್ನ ಕೋಣೆಯಿಂದ ಬರುತ್ತಿದ್ದ ಸದ್ದೇ ಆದುದರಿಂದ ಪ್ರಾಯಶ್ಚಿತ್ತದ ಹೊಣೆಯೂ ನನ್ನದೇ ಆಯಿತು.

ಯಾವುದಾದರೂ ತಂಡದ ಎರಡನೆಯ ಸ್ಟುಡಿಯೋ ಆಲ್ಬಮ್ ಕೇಳು ಎಂದೆ. ಯಾವ ತಂಡದ್ದು ಎಂದಳು. ಅದಕ್ಕೆ ಉತ್ತರ ಹುಡುಕಲು ಒಂದು ವಾರ ಹಿಡಿಯಿತು. ಹಳೆಯ ಪೆಟ್ಟಿಗೆ ತೆರೆದೆ, ಮತ್ತೆ ಎಲ್ಲವನ್ನೂ ಕೇಳಿದೆ, ಆರು ಆಲ್ಬಮ್‌ಗಳನ್ನು ಎದುರು ಬದುರು ಇಟ್ಟು ತೂಗಿದೆ. ಅವಳಂತೆಯೇ ಗೊಂದಲದಲ್ಲಿರುವವರಿಗೆ ಉಪಯೋಗವಾದೀತೆಂದು ಆ ತೂಕದ ಲೆಕ್ಕವನ್ನು ಇಲ್ಲಿ ಬರೆಯುತ್ತಿದ್ದೇನೆ.

ಎರಡನೆಯದೇ ಏಕೆ

ಯಕ್ಷಗಾನ ನೋಡುವವರಿಗೆ ಇದನ್ನು ವಿವರಿಸುವುದು ಸುಲಭ. ಹೊಸ ವೇಷಧಾರಿ ಪ್ರವೇಶದಲ್ಲೇ ನಾಲ್ಕು ಗಿರಕಿ ಹೊಡೆದು ಚಪ್ಪಾಳೆ ಗಿಟ್ಟಿಸಬಹುದು. ಕುಣಿತ ನಿಲ್ಲಿಸಿ ಅರ್ಥ, ಅಂದರೆ ಪಾತ್ರದ ಮಾತು, ಹೇಳಲು ತೊಡಗಿದಾಗಲೇ ಒಳಗೆ ಸರಕು ಎಷ್ಟಿದೆ ಎಂಬುದು ಹೊರಬೀಳುತ್ತದೆ. ಮೊದಲ ಆಲ್ಬಮ್ ಆ ಪ್ರವೇಶವಿದ್ದಂತೆ. ಕಾಲೇಜು ದಿನಗಳಿಂದ ಕೂಡಿಟ್ಟ ಹಾಡುಗಳು, ನೂರು ಕಡೆ ನುಡಿಸಿ ಹದಗೊಂಡವು, ಒಟ್ಟಿಗೆ ಬಂದು ಬಿಡುತ್ತವೆ. ಎರಡನೆಯದಕ್ಕೆ ಡಬ್ಬಿ ಖಾಲಿ. ಹೊಸದಾಗಿ ಬರೆಯಬೇಕು, ಬೇಗ ಬರೆಯಬೇಕು, ಮೊದಲನೆಯದನ್ನು ಮೆಚ್ಚಿದವರು ಕಣ್ಣಿಟ್ಟು ನೋಡುತ್ತಿರುವಾಗ ಬರೆಯಬೇಕು.

ಈ ಒತ್ತಡದಲ್ಲಿ ಎದ್ದವರೂ ಇದ್ದಾರೆ, ಕುಸಿದವರೂ ಇದ್ದಾರೆ. ಬ್ಲ್ಯಾಕ್ ಸಬ್ಬತ್ ತನ್ನ ಮೊದಲ ಮತ್ತು ಎರಡನೆಯ ಆಲ್ಬಮ್‌ಗಳನ್ನು ಒಂದೇ ವರ್ಷ, 1970ರಲ್ಲಿ, ಹೊರತಂದಿತು. ಇಂದಿಗೂ ಜನ ನೆನೆಯುವುದು ಎರಡನೆಯದಾದ 'ಪ್ಯಾರನಾಯ್ಡ್' ಅನ್ನು. ನಿರ್ವಾಣ ತಂಡದ ಮೊದಲ ಆಲ್ಬಮ್ 'ಬ್ಲೀಚ್' 1989ರಲ್ಲಿ ಬಂದಾಗ ತಿರುಗಿ ನೋಡಿದವರು ಕಡಿಮೆ. 1991ರ ಸೆಪ್ಟೆಂಬರಿನಲ್ಲಿ ಬಂದ ಎರಡನೆಯದು, 'ನೆವರ್‌ಮೈಂಡ್', ನಾಲ್ಕು ತಿಂಗಳೊಳಗೆ ಅಮೆರಿಕದ ಪಟ್ಟಿಯಲ್ಲಿ ಮೈಕೆಲ್ ಜಾಕ್ಸನ್‌ನನ್ನು ಕೆಳಗಿಳಿಸಿ ಮೊದಲ ಸ್ಥಾನ ಹಿಡಿಯಿತು. ಇನ್ನೊಂದು ಕಡೆ ಸ್ಟೋನ್ ರೋಸಸ್ ತಂಡ ಇದೆ. 1989ರ ಮೊದಲ ಆಲ್ಬಮ್‌ಗೆ ಸಿಕ್ಕ ಮನ್ನಣೆಯ ಭಾರ ಹೊತ್ತು ಎರಡನೆಯದನ್ನು ತರಲು 1994ರ ಕೊನೆಯವರೆಗೆ ಕಾಯಿಸಿತು. ಅಷ್ಟರಲ್ಲಿ ಸಂತೆ ಮುಗಿದು ಅಂಗಡಿಗಳ ಬಾಗಿಲು ಹಾಕಿಯಾಗಿತ್ತು.

ಲೆಕ್ಕದ ಬಗ್ಗೆ ಒಂದು ಮಾತು. ಸ್ಟುಡಿಯೋ ಆಲ್ಬಮ್ ಎಂದರೆ ಧ್ವನಿಮುದ್ರಣ ಕೊಠಡಿಯಲ್ಲಿ ಹೊಸದಾಗಿ ಮಾಡಿದ್ದು. ವೇದಿಕೆಯ ಕಛೇರಿಯನ್ನು ಹಾಗೆಯೇ ಮುದ್ರಿಸಿದ್ದು, ಸಿನಿಮಾ ಹಾಡುಗಳು, ಆಯ್ದ ಹಾಡುಗಳ ಸಂಕಲನ ಇವು ಎಣಿಕೆಗೆ ಬರುವುದಿಲ್ಲ. ದೆಹಲಿಯ ಇಂಡಿಯನ್ ಓಶನ್ ತಂಡದ 'ಕಂದಿಸಾ' ಅನ್ನು ಕೆಲವರು ಮೂರನೆಯದು ಎನ್ನುವುದು ಇದೇ ಕಾರಣಕ್ಕೆ: 1993ರ ಮೊದಲ ಆಲ್ಬಮ್‌ಗೂ ಅದಕ್ಕೂ ನಡುವೆ 1997ರ 'ಡೆಸರ್ಟ್ ರೇನ್' ಇದೆ. ಅದು ದೆಹಲಿಯ ಒಂದು ಕಾರ್ಯಕ್ರಮದ ನೇರ ಮುದ್ರಣ. ಹಾಗಾಗಿ ನನ್ನ ಲೆಕ್ಕದಲ್ಲಿ ಕಂದಿಸಾ ಎರಡನೆಯದೇ.

ಹೊರದೇಶದ ತಂಡಗಳನ್ನು ಇಲ್ಲಿಗೇ ಬಿಡುತ್ತೇನೆ. ಕಾಸರಗೋಡಿನಲ್ಲಿ ಕುಳಿತವರಿಗೆ ಬೆಂಗಳೂರೂ ಕೊಚ್ಚಿಯೂ ಹೆಚ್ಚುಕಡಿಮೆ ಒಂದೇ ದೂರ, ಎರಡೂ ಕಡೆ ಒಳ್ಳೆಯ ರಾಕ್ ತಂಡಗಳಿವೆ. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಿಂದ ನಾವು ಅತ್ತಲೂ ಇತ್ತಲೂ ಮುಖ ಮಾಡಿಕೊಂಡೇ ಬದುಕಿದವರು. ಬೆಳಗ್ಗೆ ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪಂಚಾಯತ್ ಕಚೇರಿಯ ಅರ್ಜಿಯಲ್ಲಿ ಮಲಯಾಳ, ಬಸ್ಸಿನಲ್ಲಿ ಬ್ಯಾರಿ. ಸಪ್ತಭಾಷಾ ಸಂಗಮ ಎಂದು ಭಾಷಣಗಳಲ್ಲಿ ಹೇಳುವುದನ್ನು ಕೇಳಿ ಕೇಳಿ ಸಾಕಾಗಿದೆ ನಿಜ, ಆದರೆ ಹಾಡಿನ ವಿಷಯದಲ್ಲಿ ಆ ಮಾತಿಗೆ ಅರ್ಥವಿದೆ. ಗೊತ್ತಿಲ್ಲದ ಭಾಷೆಯ ಹಾಡು ಕಿವಿಗೆ ಬಿದ್ದರೆ ನಾವು ಬೆದರುವುದಿಲ್ಲ.

ಕನ್ನಡವೇ ಬೇಕು ಎನ್ನುವವರಿಗೆ

ಹಾಗಾದರೆ ನೇರವಾಗಿ ರಘು ದೀಕ್ಷಿತ್ ಅವರ 'ಜಗ್ ಚಂಗಾ', 2013. ಮೊದಲ ಆಲ್ಬಮ್ 'ಅಂತರಾಗ್ನಿ' 2008ರಲ್ಲಿ ಬಂದು ಶಿಶುನಾಳ ಶರೀಫರ 'ಗುಡುಗುಡಿಯ ಸೇದಿ ನೋಡೋ' ಹಾಡನ್ನು ಕಾಲೇಜು ಹುಡುಗರ ಬಾಯಿಗೆ ತಂದಿತ್ತು. ಎರಡನೆಯದರಲ್ಲಿ ಶರೀಫರ 'ಲೋಕದ ಕಾಳಜಿ' ಇದೆ. ಶೀರ್ಷಿಕೆ ಪಂಜಾಬಿ, ಕೆಲವು ಹಾಡು ಹಿಂದಿ, ಕೆಲವು ಕನ್ನಡ.

ಇಲ್ಲೊಂದು ತೊಡಕು ಇದೆ, ಅದನ್ನು ಮುಚ್ಚಿಡಬಾರದು. ಶರೀಫರ ಕನ್ನಡ ನಮ್ಮ ಕರಾವಳಿಯವರಿಗೆ ದೂರದ ನೆಂಟ. ನಾನು ಪಾಠ ಮಾಡುವ ತರಗತಿಯಲ್ಲಿ 'ಲೋಕದ ಕಾಳಜಿ' ಹಾಕಿದಾಗ ಒಬ್ಬ ಹುಡುಗ ಎದ್ದು ನಿಂತು, "ಸರ್, ಇದು ಕನ್ನಡವೇ?" ಎಂದು ಕೇಳಿದ. ಕೇರಳದ ಪಠ್ಯಪುಸ್ತಕದ ಕನ್ನಡ, ಮನೆಯ ತುಳು ಮತ್ತು ಆಟದ ಅರ್ಥಗಾರಿಕೆಯ ಕನ್ನಡ ಮಾತ್ರ ಕೇಳಿದ ಕಿವಿ ಅದು. ಪದ ಪದ ಬಿಡಿಸಿ ಹೇಳಿದ ಮೇಲೆ ಅವನಿಗೆ ಆ ಹಾಡು ಎಷ್ಟು ಹಿಡಿಸಿತೆಂದರೆ ಎರಡು ದಿನ ಇಡೀ ತರಗತಿ ಅದನ್ನೇ ಗುನುಗಿತು. ಸಿ. ಅಶ್ವತ್ಥ್ ಕಂಠದಲ್ಲಿ ಶರೀಫರ ಪದಗಳನ್ನು ಕೇಳಿ ಬೆಳೆದ ನನ್ನ ತಲೆಮಾರಿನವರಿಗೆ ಹೋಲಿಸದೆ ಇರಲು ಸಾಧ್ಯವಿಲ್ಲ. ಅಶ್ವತ್ಥ್ ಹಾಡಿದರೆ ಎದುರಿಗೆ ಕೂರಿಸಿ ಗದರಿದಂತೆ ಇರುತ್ತದೆ, ರಘು ಹಾಡಿದರೆ ಹೆಗಲ ಮೇಲೆ ಕೈ ಹಾಕಿ ಜಾತ್ರೆಗೆ ಕರೆದೊಯ್ದಂತೆ. ನನಗೆ ಗದರಿಕೆಯೇ ಇಷ್ಟ. ಸೊಸೆಗೆ, ಅಂದರೆ ಅಕ್ಕನ ಮಗಳಿಗೆ, ಜಾತ್ರೆ.

ಮೊದಲನೆಯದಕ್ಕೆ ಹೋಲಿಸಿದರೆ ಜಗ್ ಚಂಗಾ ಹೆಚ್ಚು ನುಣುಪು. ವಾದ್ಯಗಳು ಚೊಕ್ಕವಾಗಿ ಕೂತಿವೆ, ಅಂಚುಗಳನ್ನು ಉಜ್ಜಿ ಹೊಳಪು ಕೊಟ್ಟಿದ್ದಾರೆ. ಅಂತರಾಗ್ನಿಯ ಒರಟುತನ ಮೆಚ್ಚಿದವರಿಗೆ ಇದು ಕೊರತೆಯಾಗಿ ಕಾಣಬಹುದು. ಮನೆಮಂದಿಯೆಲ್ಲ ಕಾರಿನಲ್ಲಿ ಕೂತು ಕೇಳುವುದಾದರೆ ಇದಕ್ಕಿಂತ ಸುರಕ್ಷಿತ ಆಯ್ಕೆ ಇಲ್ಲ. ಹಿಂದಿನ ಸೀಟಿನಿಂದ "ಅದನ್ನು ನಿಲ್ಲಿಸು" ಎಂಬ ಧ್ವನಿ ಬರುವುದಿಲ್ಲ.

ರಘು ಅವರ ತಮ್ಮ ವಾಸು ದೀಕ್ಷಿತ್ ಹಾಡುವ ಸ್ವರಾತ್ಮ ತಂಡವೂ ಬೆಂಗಳೂರಿನದೇ, ಅದರ ಎರಡನೆಯ ಆಲ್ಬಮ್ 'ಟೋಪಿವಾಲೆ' ಬಂದದ್ದು 2012ರಲ್ಲಿ. ಶೀರ್ಷಿಕೆ ಗೀತೆ ಟೋಪಿ ಹಾಕುವ ರಾಜಕಾರಣಿಗಳ ಲೇವಡಿ. ಸೊಂಟಕ್ಕೆ ಕೀಲುಕುದುರೆಯಂತಹ ಕುದುರೆ ಕಟ್ಟಿಕೊಂಡು ವೇದಿಕೆಯಲ್ಲಿ ಕುಣಿಯುವ ವಾಸು ಅವರನ್ನು ನೋಡಿದವರಿಗೆ ಧ್ವನಿಮುದ್ರಿಕೆ ಸ್ವಲ್ಪ ಸಪ್ಪೆ ಎನಿಸುತ್ತದೆ. ಈ ತಂಡವನ್ನು ನೋಡಬೇಕು. ಕೇಳುವುದಷ್ಟೇ ಉದ್ದೇಶವಾದರೆ ಇದನ್ನು ಪಟ್ಟಿಯ ಕೆಳಗೆ ಇಡಿ.

ಮನೆಯಲ್ಲಿ ಸಂಗೀತ ಕಲಿತವರಿದ್ದರೆ

ಅಗಮ್ ತಂಡದ 'ಎ ಡ್ರೀಮ್ ಟು ರಿಮೆಂಬರ್', 2017. ಬೆಂಗಳೂರಿನ ತಂಡ, ಮುಖ್ಯ ಗಾಯಕ ಹರೀಶ್ ಶಿವರಾಮಕೃಷ್ಣನ್ ಮಲಯಾಳಿ, ಹಾಡುವುದರಲ್ಲಿ ತ್ಯಾಗರಾಜರ ತೆಲುಗು ಕೃತಿಯೂ ಇದೆ. ಇದನ್ನು ಕೇಳಿ ಹುಬ್ಬೇರಿಸುವವರು ಬೇರೆ ಜಿಲ್ಲೆಯವರಿರಬೇಕು.

ಮೊದಲ ಆಲ್ಬಮ್ 2012ರದು. ಅದರಲ್ಲಿ ಕರ್ನಾಟಕ ಸಂಗೀತ ಒಂದು ಕಡೆ, ಗಿಟಾರ್ ಒಂದು ಕಡೆ ನಿಂತು ಪರಸ್ಪರ ಮುಖ ನೋಡಿಕೊಂಡಂತಹ ಜಾಗಗಳಿದ್ದವು. ಎರಡನೆಯದರಲ್ಲಿ ಆ ಸಂಕೋಚ ಹೋಗಿದೆ. 'ಮಿಸ್ಟ್ ಆಫ್ ಕ್ಯಾಪ್ರಿಕಾರ್ನ್' ಎಂಬ ಹೆಸರಿನಡಿ ಇರುವುದು ನಳಿನಕಾಂತಿ ರಾಗದ 'ಮನವ್ಯಾಲಕಿಂಚರಾದಟೆ'. ಅಮ್ಮ ಮೂವತ್ತು ವರ್ಷ ಮಕ್ಕಳಿಗೆ ಸಂಗೀತ ಹೇಳಿಕೊಟ್ಟವರು. ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತಿದ್ದಾಗ ಪಕ್ಕದ ಕೋಣೆಯಲ್ಲಿ ಬೇಕೆಂದೇ ದೊಡ್ಡದಾಗಿ ಹಾಕಿದೆ. ಡ್ರಮ್ಸ್ ಬಿದ್ದ ಕೂಡಲೇ ತುರಿಯುವ ಸದ್ದು ನಿಂತಿತು. ಬಯ್ಗುಳ ಬರುತ್ತದೆ ಎಂದು ಕಾದೆ. ಬರಲಿಲ್ಲ. ಸ್ವಲ್ಪ ಹೊತ್ತಿನ ನಂತರ ತುರಿಯುವ ಸದ್ದು ಮತ್ತೆ ಶುರುವಾಯಿತು, ಈ ಸಲ ಆದಿತಾಳದಲ್ಲಿ. ಹಾಡು ಮುಗಿದ ಮೇಲೆ ಬಾಗಿಲಿಗೆ ಬಂದು, "ರಾಗ ಕೆಡಿಸಲಿಲ್ಲ, ಆದರೆ ಇಷ್ಟು ಅವಸರ ಯಾಕಂತೆ?" ಎಂದರು. ನಳಿನಕಾಂತಿಯೇ ಅವಸರದ ರಾಗ ಎಂದು ವಾದಿಸುವ ಧೈರ್ಯ ನನಗಾಗಲಿಲ್ಲ.

ಅವರ ಮಾತಿನಲ್ಲಿ ಈ ಆಲ್ಬಮ್‌ನ ಗುಣ, ದೋಷ ಎರಡೂ ಇವೆ. ರಾಗ ಗೊತ್ತಿದ್ದವರಿಗೆ ಪ್ರತಿ ತಿರುವಿನಲ್ಲೂ ಪರಿಚಿತರು ಸಿಗುತ್ತಾರೆ. ಆದರೆ ಉಸಿರಾಡಲು ಜಾಗ ಕಡಿಮೆ. ತಾಳದ ಲೆಕ್ಕ ಹಾಕುತ್ತಾ ಕೇಳುವ ನನ್ನ ಸೊಸೆಯಂಥವರಿಗೆ ಹಬ್ಬ, ದಿನವಿಡೀ ಪಾಠ ಮಾಡಿ ತಲೆನೋವು ತಂದುಕೊಂಡವರಿಗೆ ಅಲ್ಲ.

ಗಿಟಾರ್‌ಗಾಗಿ ಬಂದವರಿಗೆ

ಕೊಚ್ಚಿಯ ಮದರ್‌ಜೇನ್ ತಂಡ 1996ರಲ್ಲಿ ಹುಟ್ಟಿತು. 'ಇನ್‌ಸೇನ್ ಬಯಾಗ್ರಫಿ' ಎಂಬ ಮೊದಲ ಆಲ್ಬಮ್‌ನ ನಂತರ ವರ್ಷಗಟ್ಟಲೆ ಬಿಟ್ಟು 2008ರಲ್ಲಿ 'ಮಕ್ತೂಬ್' ತಂದಿತು. ಸಾಹಿತ್ಯ ಪೂರ್ತಿ ಇಂಗ್ಲಿಷ್, ಹೆಸರು ಅರಬಿ. ಸಿ.ಡಿ.ಯನ್ನು ನಾನು ಶಾಲೆಗೆ ಒಯ್ದಿದ್ದಾಗ ಅರಬಿ ಶಿಕ್ಷಕರು ಮೇಜಿನ ಮೇಲಿನಿಂದ ಎತ್ತಿಕೊಂಡು ನೋಡಿ, "ಮಕ್ತೂಬ್ ಅಂದರೆ ಬರೆದದ್ದು. ಕಾಗದಕ್ಕೂ ಹೇಳುತ್ತಾರೆ, ಹಣೆಬರಹಕ್ಕೂ ಹೇಳುತ್ತಾರೆ" ಎಂದು ವಿವರಿಸಿದರು. ಮರುದಿನ ಅವರೇ ಅದನ್ನು ಕೇಳಲು ಒಯ್ದರು, ಒಂದು ತಿಂಗಳು ವಾಪಸು ಕೊಡಲಿಲ್ಲ.

ಈ ಆಲ್ಬಮ್‌ನ ಜೀವ ಬೈಜು ಧರ್ಮಜನ್ ಅವರ ಗಿಟಾರ್. ಗಿಟಾರಿನ ಕುತ್ತಿಗೆಯ ಮೇಲೆ ಅಡ್ಡಗೆರೆಗಳಂತೆ ಲೋಹದ ತಂತಿ ಬಡಿದಿರುತ್ತಾರೆ, ಸ್ವರಗಳು ಮೆಟ್ಟಿಲು ಮೆಟ್ಟಿಲಾಗಿ ನಿಲ್ಲಲಿ ಎಂದು. ಸ್ವರವನ್ನು ತೂಗಿ ಜಾರಿಸುವ ಗಮಕಕ್ಕೆ ಮೆಟ್ಟಿಲು ಬೇಡ, ಇಳಿಜಾರು ಬೇಕು. ಬೈಜು ತಂತಿಯನ್ನು ಎಳೆದು, ಜಾರಿಸಿ, ಆ ಮೆಟ್ಟಿಲುಗಳು ಇಲ್ಲವೇನೋ ಎಂಬಂತೆ ನುಡಿಸುತ್ತಾರೆ. 'ಚೇಸಿಂಗ್ ದ ಸನ್' ಹಾಡಿನಲ್ಲಿ ಕೇಳಿ: ಗಿಟಾರ್ ಹಾಡಿಗೆ ಒತ್ತಾಸೆ ಕೊಡುವ ಕೆಲಸ ಬಿಟ್ಟು ತಾನೇ ಹಾಡಲು ತೊಡಗುತ್ತದೆ. ಕಣ್ಣು ಮುಚ್ಚಿದರೆ ದೇವಸ್ಥಾನದ ನಾಗಸ್ವರ ದೂರದಿಂದ ಕೇಳಿದಂತೆ, ಮಧ್ಯೆ ಯಾರೋ ಅದಕ್ಕೆ ಕರೆಂಟು ಕೊಟ್ಟಂತೆ. 'ಫೀಲ್ಡ್ಸ್ ಆಫ್ ಸೌಂಡ್' ಕೂಡ ಇದೇ ಜಾತಿಯದು. ಇನ್ನೊಂದು ಹಾಡು 'ಬ್ರೋಕನ್' ಹೆಚ್ಚು ನೇರ, ರೇಡಿಯೋಗೂ ಒಗ್ಗುವಂಥದ್ದು.

ಕೊರತೆ? ಗಾಯಕ ಸುರಾಜ್ ಮಣಿ ಅವರ ಇಂಗ್ಲಿಷ್ ಸಾಹಿತ್ಯ ಕೆಲವೆಡೆ ತತ್ತ್ವದ ಭಾರಕ್ಕೆ ಬಾಗಿದೆ. ಹಾಡು ಅರ್ಥವಾಗಲೇಬೇಕು ಎಂದು ಹಟ ಹಿಡಿಯುವವರಿಗೆ ಇದು ಕಿರಿಕಿರಿ. ಇನ್ನೊಂದು ಸಂಗತಿ: ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಇದನ್ನು ಕೇಳಬೇಡಿ, ಬೇಸ್ ಪೂರ್ತಿ ಸತ್ತು ಗಿಟಾರ್ ಸೊಳ್ಳೆಯಂತೆ ಕೇಳಿಸುತ್ತದೆ. ಬೈಜು 2010ರಲ್ಲಿ ತಂಡ ಬಿಟ್ಟರು. ಆದುದರಿಂದ ಮದರ್‌ಜೇನ್‌ನ ಪೂರ್ಣ ರೂಪ ಸಿಗುವುದು ಈ ಒಂದರಲ್ಲೇ.

ಕೊಚ್ಚಿಯ ಇನ್ನೊಂದು ತಂಡ ತೈಕ್ಕುಡಂ ಬ್ರಿಡ್ಜ್. ಎರಡನೆಯ ಆಲ್ಬಮ್ 'ನಮಃ', 2019. ಮೊದಲನೆಯದಾದ 'ನವರಸಂ' ಮನೆಯವರೇ ಸೇರಿ ಮಾಡಿದ ಅಡುಗೆಯಂತಿತ್ತು. ನಮಃದಲ್ಲಿ ಅತಿಥಿಗಳ ಸಾಲು, ಅಮೆರಿಕದ ಡ್ರೀಮ್ ಥಿಯೇಟರ್ ತಂಡದ ಕೀಬೋರ್ಡ್ ವಾದಕ ಜೋರ್ಡನ್ ರುಡೆಸ್ ಕೂಡ ಬಂದಿದ್ದಾರೆ. ಮದುವೆ ಮನೆಯ ಎಲೆಯಲ್ಲಿ ನಲವತ್ತು ಬಗೆ ಬಡಿಸಿದರೆ ಯಾವುದರ ರುಚಿಯೂ ನಾಲಗೆಯಲ್ಲಿ ಉಳಿಯುವುದಿಲ್ಲವಲ್ಲ, ಹಾಗೆ. ಒಂದೊಂದೇ ಹಾಡನ್ನು ಬಿಡಿಯಾಗಿ ಕೇಳಿದರೆ ಚೆನ್ನ.

(ಮಲಯಾಳ ರಾಕ್ ಎಂದಾಗ ಅವಿಯಲ್ ತಂಡ ಎಲ್ಲಿ ಎಂದು ಕೇಳುವವರು ಇದ್ದೇ ಇರುತ್ತಾರೆ. 2008ರ ಅವರ ಮೊದಲ ಆಲ್ಬಮ್ ನನಗೆ ಈ ಆರರಲ್ಲಿ ನಾಲ್ಕಕ್ಕಿಂತ ಪ್ರಿಯ. ಎರಡನೆಯದಕ್ಕಾಗಿ ಕಾದ ವರ್ಷಗಳಲ್ಲಿ ನನ್ನ ತಲೆಕೂದಲು ಬೆಳ್ಳಗಾಯಿತು.)

ನನ್ನ ತಕ್ಕಡಿ ಬಾಗಿದ್ದು

ಇಂಡಿಯನ್ ಓಶನ್‌ನ 'ಕಂದಿಸಾ' 2000ದಲ್ಲಿ ಬಂತು. ನಾನು ಕೊಂಡದ್ದು ಕ್ಯಾಸೆಟ್. ನಮ್ಮ ಕಡೆಯ ಮಳೆಗಾಲ ಬಲ್ಲವರಿಗೆ ಅದರ ಗತಿ ಏನಾಯಿತೆಂದು ಹೇಳಬೇಕಾಗಿಲ್ಲ: ಎರಡನೆಯ ಆಟಿಯ, ಅಂದರೆ ಮಳೆ ಸುರಿಯುವ ತುಳು ತಿಂಗಳಿನ, ಹೊತ್ತಿಗೆ ಟೇಪಿನ ಮೇಲೆ ಬಿಳಿ ಬೂಷ್ಟು, ಮೂರನೆಯದಕ್ಕೆ ಎರಡನೆಯ ಬದಿಯ ಧ್ವನಿ ನೀರಿನಡಿಯಿಂದ ಬಂದಂತೆ. ನಂತರ ಪೇಟೆಯ ಒಂದು ಅಂಗಡಿಯಲ್ಲಿ ಸಿ.ಡಿ. ಕೊಂಡೆ. ಪೆಟ್ಟಿಗೆಯ ಮೇಲೆ ಕಂದಿಸಾ, ಒಳಗೆ ಭಕ್ತಿಗೀತೆಗಳು. ಅಂಗಡಿಯವರು "ಇದೂ ಚೆನ್ನಾಗಿದೆ" ಎಂದರು.

ಏಳೇ ಹಾಡು, ಎಲ್ಲವೂ ಉದ್ದ. ನಾಲ್ವರು: ಸುಸ್ಮಿತ್ ಸೇನ್ ಗಿಟಾರ್, ಅಶೀಮ್ ಚಕ್ರವರ್ತಿ ತಬಲ ಮತ್ತು ಗಾಯನ, ರಾಹುಲ್ ರಾಮ್ ಬೇಸ್ ಮತ್ತು ಗಾಯನ, ಅಮಿತ್ ಕಿಲಂ ಡ್ರಮ್ಸ್. ತಬಲ ಮತ್ತು ಡ್ರಮ್ಸ್ ಒಟ್ಟಿಗೆ ಇದ್ದರೂ ಒಂದನ್ನೊಂದು ತುಳಿಯುವುದಿಲ್ಲ. ಚೆಂಡೆ ಮದ್ದಳೆಗಳ ನಡುವಿನ ತಿಳಿವಳಿಕೆ ಬಲ್ಲ ನಮ್ಮವರಿಗೆ ಇದು ಕೂಡಲೇ ಹಿಡಿಯುತ್ತದೆ: ಮದ್ದಳೆ ಮಾತಾಡುವಾಗ ಚೆಂಡೆ ಕೈಕಟ್ಟಿ ನಿಲ್ಲುತ್ತದೆ, ಏರುವ ಹೊತ್ತು ಬಂದಾಗ ಇಬ್ಬರೂ ಒಟ್ಟಿಗೆ ಏರುತ್ತಾರೆ. 'ಹಿಲ್ಲೆ ಲೇ' ಗೋರಖ್ ಪಾಂಡೆ ಅವರ ಭೋಜಪುರಿ ಹಾಡು, ಹೊಲಗದ್ದೆಯ ಜನರ ಸಿಟ್ಟಿನದು. 'ಮಾ ರೇವಾ' ನರ್ಮದೆಯ ತಟದ ಜನಪದ ಗೀತೆ. ರಾಹುಲ್ ರಾಮ್ ನರ್ಮದಾ ಬಚಾವೋ ಆಂದೋಲನದಲ್ಲಿ ದುಡಿದವರು, ಆ ಹಾಡು ಅಲ್ಲಿಂದ ಬಂದದ್ದು. ಒಮ್ಮೆ ಮಂಗಳೂರಿಗೆ ಹೋಗುವ ರೈಲಿನಲ್ಲಿ ಇದನ್ನು ಕೇಳುತ್ತಿದ್ದೆ. ಕುಂಬಳೆ, ಉಪ್ಪಳ, ಮಂಜೇಶ್ವರ ಕಳೆದು ನೇತ್ರಾವತಿ ಸೇತುವೆಗೆ ಬಂದಾಗ ಸರಿಯಾಗಿ 'ಮಾ ರೇವಾ' ಶುರುವಾಯಿತು. ಕೆಳಗೆ ತುಂಬಿ ಕೆಂಪಾದ ನೀರು, ಸೇತುವೆಯ ಕಂಬಿಗಳ ಲಯ ಒಂದು ಕಡೆ, ಬೇಸ್ ಗಿಟಾರಿನ ಲಯ ಇನ್ನೊಂದು ಕಡೆ. ಎದುರಿನ ಸೀಟಿನ ಮೀನು ಮಾರುವ ಹೆಂಗಸು ನನ್ನ ತೊಡೆಯ ಮೇಲೆ ಬೆರಳುಗಳು ಕುಣಿಯುವುದನ್ನು ನೋಡಿ ನಕ್ಕಳು.

ಶೀರ್ಷಿಕೆ ಗೀತೆಯ ಭಾಷೆ ಅರಾಮಿಕ್‌ನ ಒಂದು ಕವಲಾದ ಸುರಿಯಾನಿ. ಕೇರಳದ ಸುರಿಯಾನಿ ಕ್ರೈಸ್ತರ ಪ್ರಾರ್ಥನೆ ಅದು, ದೇವರನ್ನು ಪವಿತ್ರನೇ ಎಂದು ಕರೆದು ಕರುಣೆ ಬೇಡುವುದು. ದೆಹಲಿಯ ನಾಲ್ವರು ಅದನ್ನು ಮುಟ್ಟಿದ ರೀತಿ ನೋಡಬೇಕು. ಮೆಲ್ಲಗೆ, ಬರಿಗಾಲಿನಲ್ಲಿ ಒಳಗೆ ಹೋದವರಂತೆ ಶುರು ಮಾಡುತ್ತಾರೆ. ಒಂದೇ ಸಾಲು ಮತ್ತೆ ಮತ್ತೆ ಬರುತ್ತದೆ, ಪ್ರತಿ ಸಲ ಒಂದು ಗೇಣು ಮೇಲೆ. ಕೊನೆಯ ಭಾಗದಲ್ಲಿ ಅಶೀಮ್ ಧ್ವನಿ ಬಿಟ್ಟು ಹಾಡುವಾಗ ಅರ್ಥ ತಿಳಿಯದಿದ್ದವನಿಗೂ ಇದು ಬೇಡಿಕೆ ಎಂಬುದು ತಿಳಿಯುತ್ತದೆ. ಅಶೀಮ್ 2009ರ ಡಿಸೆಂಬರ್ 25ರಂದು ತೀರಿಕೊಂಡರು. ಅಂದಿನಿಂದ ಆ ಭಾಗ ಬಂದಾಗ ನಾನು ಮಾತಾಡುವುದಿಲ್ಲ.

ದೋಷವಿಲ್ಲವೆಂದಲ್ಲ. ಗಡಿಬಿಡಿಯವರಿಗೆ ಇದು ಒಗ್ಗುವುದಿಲ್ಲ. ಹಾಡು ಶುರುವಾಗಿ ಮೂರು ನಿಮಿಷವಾದರೂ ಯಾರೂ ಬಾಯಿ ಬಿಡದಿದ್ದರೆ ಈಗಿನ ಮಕ್ಕಳು ಮುಂದಿನದಕ್ಕೆ ಹಾರುತ್ತಾರೆ. ಗಟ್ಟಿ ಗಿಟಾರಿನ ಬಿಸಿ ಬೇಕಿದ್ದವರು ಮಕ್ತೂಬ್‌ಗೆ ಹೋಗಲಿ, ಇಲ್ಲಿ ಸುಸ್ಮಿತ್ ನುಡಿಸುವುದು ತಣ್ಣನೆಯ ಗಿಟಾರ್. ಆದರೆ ಆರರಲ್ಲಿ ಒಂದನ್ನೇ ಆರಿಸು ಎಂದರೆ ನಾನು ಇದನ್ನು ಆರಿಸುತ್ತೇನೆ. ಎರಡನೆಯ ಸ್ಥಾನಕ್ಕೆ ಮಕ್ತೂಬ್ ಮತ್ತು ಜಗ್ ಚಂಗಾ ಜಗಳವಾಡಲಿ. ರಾತ್ರಿ ಒಬ್ಬರೇ ಇದ್ದರೆ ಮಕ್ತೂಬ್ ಗೆಲ್ಲುತ್ತದೆ, ಮನೆ ತುಂಬ ಜನರಿದ್ದರೆ ಜಗ್ ಚಂಗಾ. ಅಗಮ್‌ನ ಆಲ್ಬಮ್ ಅಮ್ಮನ ಹಳೆಯ ಮೊಬೈಲಿಗೆ ವರ್ಗವಾಗಿದೆ, ಅಲ್ಲಿಂದ ಅದನ್ನು ಬಿಡಿಸಿಕೊಳ್ಳಲು ಆಗಿಲ್ಲ.

ಸೊಸೆಗೆ ಕಂದಿಸಾ, ಮಕ್ತೂಬ್, ಜಗ್ ಚಂಗಾ ಮೂರನ್ನೂ ಮೊಬೈಲಿಗೆ ಹಾಕಿ ಕೊಟ್ಟೆ, ಕ್ರಮ ಹೇಳಲಿಲ್ಲ. ಕಣ್ಣೂರಿನಿಂದ ಬರುವ ಬೆಂಗಳೂರು ರೈಲಿಗೆ ಸಂಜೆ ಹತ್ತಿಸಿ ಬಂದೆವು. ಸುಬ್ರಹ್ಮಣ್ಯ ದಾಟುವ ಹೊತ್ತಿಗೆ ಫೋನ್ ಬಂತು. "ಮಾವ, ಕಂದಿಸಾ ಎಂಬುದು ಯಾವ ಭಾಷೆ? ಮಲಯಾಳ ಅಂದುಕೊಂಡು ಕೇಳಿದೆ, ಒಂದು ಪದವೂ ಸಿಗುತ್ತಿಲ್ಲ. ಆದರೆ ತಾಳ ಇದೆಯಲ್ಲ, ಅದು..." ಅಷ್ಟರಲ್ಲಿ ಘಾಟಿಯ ಮೊದಲ ಸುರಂಗ ಬಂದಿರಬೇಕು, ಮಾತು ಕಡಿಯಿತು. ಆ ದಾರಿಯಲ್ಲಿ ಐವತ್ತೇಳು ಸುರಂಗಗಳಿವೆ. ಸಕಲೇಶಪುರದವರೆಗೆ ಎಚ್ಚರವಾಗಿದ್ದು ಕಾದೆ.